ಸರಸಮ್ಮನ ಒಪ್ಪಿಗೆ

ಸೋಲೂರು
೭ ಆಗಸ್ಟ್ ೨೦೨೩

ಮಾನ್ಯ ಸಮೀವುಲ್ಲಾ ಸರ್ ಅವರಿಗೆ,

ನಮಸ್ಕಾರ. ರಾಮನಗರದ ಕಾರ್ಯಾಗಾರದಲ್ಲಿ ಪತ್ರ ಬರೆಯಲೆಂದು ಚೀಟಿ ಎತ್ತಿಸಿ ಶಿಕ್ಷಕರನ್ನು ಜೋಡಿ ಮಾಡಿದಾಗ ನನಗೆ ನಿಮ್ಮ ಹೆಸರು ಬಂತು. ಊಟದ ಹೊತ್ತಿನಲ್ಲಿ ಮಾತಾಡಿಸೋಣ ಅಂದುಕೊಂಡೆ. ನಿಮ್ಮ ಸುತ್ತ ಜನ ಇದ್ದರು, ಧೈರ್ಯ ಬರಲಿಲ್ಲ. ಮಕ್ಕಳಿಗೆ ಬರೆಯಿರಿ ಬರೆಯಿರಿ ಎನ್ನುವ ನಾವು ವರ್ಷಕ್ಕೊಂದು ಪತ್ರವನ್ನಾದರೂ ಕೈಯಲ್ಲಿ ಬರೆಯುತ್ತೇವೆಯೇ ಎಂದು ನೀವು ಕೇಳಿದ್ದು ಮನಸ್ಸಿಗೆ ತಾಗಿತ್ತು. ಅದಕ್ಕೇ ಮೊದಲ ಪತ್ರ ನನ್ನದು.

ನನ್ನ ಹೆಸರು ಭಾನುಪ್ರಿಯ. ಊರು ಕನಕಪುರ. ಸೋಲೂರು ಹೋಬಳಿಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಬಂದು ಎರಡು ವರ್ಷ ಆಗುತ್ತಾ ಬಂತು. ಇನ್ನೂ ಪ್ರೊಬೇಷನ್ ಮುಗಿದಿಲ್ಲ. ಗ್ರಂಥಾಲಯದ ಹೊಣೆಯೂ ನನ್ನದೇ. ಗ್ರಂಥಾಲಯ ಅಂದರೆ ಬಿಸಿಯೂಟದ ಅಕ್ಕಿ ಇಡುವ ಕೋಣೆಯಲ್ಲಿ ಎರಡು ಬೀರು. ನಿಮ್ಮ 'ಓದುಮನೆ' ಜಾಲತಾಣದಿಂದ ಗಟ್ಟಿ ಓದಿನ ಪಾಠಗಳನ್ನು ಇಳಿಸಿಕೊಳ್ಳಲು ಶಾಲೆಯ ಹಿಂದಿನ ನೀರಿನ ಟ್ಯಾಂಕಿನ ಹತ್ತಿರ ಹೋಗಿ ನಿಲ್ಲುತ್ತೇನೆ, ಅಲ್ಲಿ ಮಾತ್ರ ಸಿಗ್ನಲ್ ಬರುತ್ತದೆ. ನೀವು ಹೇಳಿದ ಹಾಗೆ ಪುಸ್ತಕಗಳಿಗೆ ಸುಲಭದಿಂದ ಕಷ್ಟಕ್ಕೆ ಎಂದು ಹಸಿರು, ಹಳದಿ, ಕೆಂಪು ಪಟ್ಟಿ ಅಂಟಿಸಿದ್ದೇವೆ.

ಆರನೇ ತರಗತಿಯಲ್ಲಿ ಅಮೂಲ್ಯ ಎಂಬ ಹುಡುಗಿ ಇದ್ದಾಳೆ. ತಂದೆ ತೀರಿಕೊಂಡು ಮೂರು ವರ್ಷ. ತಾಯಿ ಸರಸಮ್ಮ ಎರಡು ಹಸು ಕಟ್ಟಿಕೊಂಡು, ರಾಗಿ ಹೊಲ ನೋಡಿಕೊಂಡು ಸಾಕುತ್ತಿದ್ದಾರೆ. ಜೂನ್‌ನಲ್ಲಿ ಈ ಹುಡುಗಿಗೆ ಹಸಿರು ಪಟ್ಟಿಯ ಪುಸ್ತಕವೂ ಬರುತ್ತಿರಲಿಲ್ಲ. ಈಗ ದಿನಾ ಊಟ ಮುಗಿಸಿ ನನ್ನ ಪಕ್ಕ ಬಂದು ಕೂರುತ್ತಾಳೆ. ಮೊನ್ನೆ 'ಮಂತ್ರಿ ತಲೆ ಬಾಗಿಸಿದ' ಎಂಬುದನ್ನು 'ಮಂತ್ರಿ ತಲೆ ಬೋಳಿಸಿದ' ಎಂದು ಓದಿ, ತಾನೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದೆ. ಆ ನಗುವನ್ನು ಎಷ್ಟು ಸಲ ನೋಡಿದೆನೋ.

ತಪ್ಪಿದ್ದರೆ ತಿದ್ದಿ.

ಇಂತಿ,
ಭಾನುಪ್ರಿಯ


ಚನ್ನಪಟ್ಟಣ
೧೪ ಆಗಸ್ಟ್ ೨೦೨೩

ಭಾನುಪ್ರಿಯ ಮೇಡಂ,

ನಿಮ್ಮ ಪತ್ರವನ್ನು ನಮ್ಮ ಪ್ರೌಢಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದೆ. ಇಪ್ಪತ್ತಾರು ವರ್ಷ ಗ್ರಂಥಪಾಲಕನಾಗಿದ್ದೇನೆ, ನನ್ನ ಹೆಸರಿಗೆ ಬರುವುದು ಪುಸ್ತಕದ ಕ್ಯಾಟಲಾಗು ಮಾತ್ರ. ಚೀಟಿ ಎತ್ತಿದ ಜೋಡಿಗಳಲ್ಲಿ ಇನ್ನೂ ಯಾರೂ ಬರೆದಿಲ್ಲವಂತೆ. ನಾವೇ ಮೊದಲು.

ಅಮೂಲ್ಯಳ ವಿಡಿಯೋ ನನಗೆ ಬೇಕೇ ಬೇಕು. ಓದುಮನೆಯಲ್ಲಿ ಇರುವುದೆಲ್ಲ ಸರಾಗವಾಗಿ ಓದುವ ಮಕ್ಕಳ ವಿಡಿಯೋ. ಅದನ್ನು ನೋಡಿ ಶಿಕ್ಷಕರು ಚಪ್ಪಾಳೆ ತಟ್ಟುತ್ತಾರೆ, ಕಲಿಯುವುದೇನೂ ಇಲ್ಲ. ತಡವರಿಸುವ ಮಗುವಿನ ಪಕ್ಕದಲ್ಲಿ ಹೇಗೆ ಕೂರಬೇಕು ಎಂಬುದು ಅವರಿಗೆ ಗೊತ್ತಾಗಬೇಕು. ಸೆಪ್ಟೆಂಬರ್ ಎಂಟು, ಸಾಕ್ಷರತಾ ದಿನದಂದು ರಾಮನಗರದಲ್ಲಿ ನಾಲ್ಕೂ ತಾಲ್ಲೂಕಿನ ಶಿಕ್ಷಕರ ಓದು ಹಬ್ಬ ಇದೆ. ಅಲ್ಲಿ ಇದನ್ನೇ ತೋರಿಸೋಣ. ಆಮೇಲೆ ಓದುಮನೆಯ 'ಶಿಕ್ಷಕರ ಕೋಣೆ' ವಿಭಾಗದಲ್ಲಿ ಇಡುತ್ತೇನೆ. ಪಾಸ್‌ವರ್ಡ್ ಇಲ್ಲದೆ ಅದು ಯಾರಿಗೂ ತೆರೆಯುವುದಿಲ್ಲ.

ಒಂದೇ ಷರತ್ತು. ಇದರ ಜೊತೆಗಿರುವ ಒಪ್ಪಿಗೆ ಪತ್ರಕ್ಕೆ ತಾಯಿಯ ಸಹಿ ಬೇಕು. ಮೂಲ ಪ್ರತಿ ಇಪ್ಪತ್ತೆರಡರೊಳಗೆ ನನ್ನ ಕೈ ಸೇರಲಿ. ಸಹಿ ಇಲ್ಲದ ವಿಡಿಯೋ ನಾನು ಮುಟ್ಟುವವನಲ್ಲ.

ನಿಮ್ಮ,
ಸಮೀವುಲ್ಲಾ


ಸೋಲೂರು
೧೯ ಆಗಸ್ಟ್ ೨೦೨೩

ಸರ್,

ಒಪ್ಪಿಗೆ ಪತ್ರ ಇದರೊಂದಿಗಿದೆ. ಸರಸಮ್ಮನವರಿಗೆ ತುಂಬಾ ಸಂತೋಷವಾಯಿತು. ಹೊಲದಿಂದ ಬಂದವರು ಕೈ ತೊಳೆದುಕೊಂಡು, ಸೆರಗಿನಲ್ಲಿ ಒರೆಸಿಕೊಂಡು ಸಹಿ ಹಾಕಿದರು. ವಿಡಿಯೋವನ್ನು ಟ್ಯಾಂಕಿನ ಹತ್ತಿರ ನಿಂತು ಕಳಿಸಿದ್ದೇನೆ, ಒಂದು ಗಂಟೆ ಹಿಡಿಯಿತು.

ಓದು ಹಬ್ಬಕ್ಕೆ ಬರಲು ಪ್ರಯತ್ನಿಸುತ್ತೇನೆ. ಇಲ್ಲಿ ಕೆಲಸ ಜಾಸ್ತಿ ಇದೆ.

ಭಾನುಪ್ರಿಯ


ಚನ್ನಪಟ್ಟಣ
೧೧ ಸೆಪ್ಟೆಂಬರ್ ೨೦೨೩

ಭಾನುಪ್ರಿಯ ಮೇಡಂ,

ಎಂಥ ದಿನ ತಪ್ಪಿಸಿಕೊಂಡಿರಿ! ನಿಮಗೆ ಜ್ವರ ಎಂದು ನಿಮ್ಮ ಹೆಡ್‌ಮಾಸ್ಟರ್ ಜಯಕುಮಾರ್ ಹೇಳಿದರು. ಈಗ ಹೇಗಿದ್ದೀರಿ?

ಸಭಾಂಗಣದಲ್ಲಿ ನೂರ ನಲವತ್ತು ಶಿಕ್ಷಕರು. ಮಂತ್ರಿಯ ತಲೆ ಬೋಳಿಸಿದಾಗ ಎಲ್ಲರೂ ನಕ್ಕರು, ಅಮೂಲ್ಯಳೂ ಪರದೆಯ ಮೇಲೆ ನಕ್ಕಳು. ಆಮೇಲೆ ನೀವು ಅವಳ ಬೆರಳನ್ನು ಮತ್ತೆ ಆ ಪದದ ಕೆಳಗಿಟ್ಟು ಸುಮ್ಮನೆ ಕಾಯುತ್ತೀರಲ್ಲ, ಅಲ್ಲಿ ಹಿಂದಿನ ಸಾಲಿನವರೂ ಕತ್ತು ಚಾಚಿ ನೋಡಿದರು. ಕನಕಪುರದ ಹಿರಿಯ ಶಿಕ್ಷಕಿಯೊಬ್ಬರು, ತಾನು ಇಷ್ಟು ವರ್ಷ ಮಕ್ಕಳಿಗಾಗಿ ಕಾಯಲೇ ಇಲ್ಲ ಎಂದು ಎದ್ದು ನಿಂತು ಹೇಳಿದರು.

ಇನ್ನೊಂದು ಸುದ್ದಿ. ನಿನ್ನೆ ಭಾನುವಾರ ತೆರೆದು ನೋಡಿದರೆ ಹನ್ನೊಂದು ಸಾವಿರ ಸಲ ವೀಕ್ಷಣೆ! ನಮ್ಮ ತಾಣದಲ್ಲಿ ಇದುವರೆಗಿನ ದಾಖಲೆ ನೂರ ಎಂಬತ್ತು. ಶಿಕ್ಷಕರು ಒಬ್ಬರಿಗೊಬ್ಬರು ಪಾಸ್‌ವರ್ಡ್ ಹಂಚಿಕೊಂಡಿರಬೇಕು. ಸರಸಮ್ಮನವರಿಗೆ ನನ್ನ ಅಭಿನಂದನೆ ತಿಳಿಸಿ.

ನಿಮ್ಮ,
ಸಮೀವುಲ್ಲಾ


ಸೋಲೂರು
೧೨ ಸೆಪ್ಟೆಂಬರ್ ೨೦೨೩
(ಸ್ಪೀಡ್ ಪೋಸ್ಟ್)

ಸರ್,

ದಯವಿಟ್ಟು ಆ ವಿಡಿಯೋ ತೆಗೆಯಿರಿ. ಇದು ಸಿಕ್ಕ ಕೂಡಲೇ ತೆಗೆಯಿರಿ. ನಿನ್ನೆ ಮೆಸೇಜ್ ಮಾಡಿದೆ, ನೀವು ನೋಡಿದ ಗುರುತು ಬರಲಿಲ್ಲ. ಅದು ಶಿಕ್ಷಕರ ಹತ್ತಿರ ಮಾತ್ರ ಇಲ್ಲ, ನಮ್ಮೂರಿನಲ್ಲಿ ಎಲ್ಲರ ಫೋನಿನಲ್ಲೂ ಇದೆ. ಯಾರೋ ಅದನ್ನು ಕತ್ತರಿಸಿ, 'ಬೋಳಿಸಿದ' ಅನ್ನುವುದನ್ನು ಮಾತ್ರ ಐದಾರು ಸಲ ತಿರುಗಿಸಿ, ತಮಟೆ ಸದ್ದು ಸೇರಿಸಿದ್ದಾರೆ.

ಫೋನ್ ಮಾಡಬೇಡಿ. ನಾನು ಆಫ್ ಮಾಡಿಟ್ಟಿದ್ದೇನೆ. ಅದನ್ನು ಕೈಯಲ್ಲಿ ಹಿಡಿಯಲೂ ಹೆದರಿಕೆ ಆಗುತ್ತದೆ.

ಭಾನುಪ್ರಿಯ


ಚನ್ನಪಟ್ಟಣ
೧೫ ಸೆಪ್ಟೆಂಬರ್ ೨೦೨೩

ಮೇಡಂ,

ನಿಮ್ಮ ಕಾಗದ ಸಿಕ್ಕ ಐದು ನಿಮಿಷಕ್ಕೆ ತೆಗೆದೆ. ಹಬ್ಬದ ನಂತರ ಫೋನಿನಲ್ಲಿ ಆರುನೂರು ಸಂದೇಶ ಬಿದ್ದಿದ್ದವು, ನಿಮ್ಮದು ಅದರಡಿ ಹೂತುಹೋಗಿತ್ತು. ಕ್ಷಮಿಸಿ. ಆದರೆ ಆಚೆ ಹೋದ ಪ್ರತಿಗಳನ್ನು ನಾನು ಏನೂ ಮಾಡಲಾರೆ. ಪಾಸ್‌ವರ್ಡ್ ಇದ್ದ ಯಾವನೋ ಶಿಕ್ಷಕನದೇ ಈ ಕೆಲಸ. ಸಿಕ್ಕಿದರೆ ಬಿಡುವುದಿಲ್ಲ.

ನೀವು ಇಷ್ಟು ಗಾಬರಿ ಪಡಬೇಡಿ. ಮಕ್ಕಳು ನಾಲ್ಕು ದಿನ ರೇಗಿಸುತ್ತಾರೆ, ಮರೆಯುತ್ತಾರೆ. ಇನ್ನು ಕಾಗದಪತ್ರದ ಮಟ್ಟಿಗೆ ಯಾರೂ ನಮ್ಮ ಮೇಲೆ ಬೆರಳು ಮಾಡುವ ಹಾಗಿಲ್ಲ. ತಾಯಿಯ ಸಹಿ ನನ್ನ ಬೀರುವಿನಲ್ಲಿ ಭದ್ರವಾಗಿದೆ.

ಸಮೀವುಲ್ಲಾ


ಸೋಲೂರು
೨೭ ಸೆಪ್ಟೆಂಬರ್ ೨೦೨೩

ಸರ್,

ಮಕ್ಕಳು ಮರೆಯಲಿಲ್ಲ. ಮಕ್ಕಳಿಂದ ದೊಡ್ಡವರಿಗೆ ಹೋಯಿತು. ಗಂಡ ಇಲ್ಲದ ಹೆಂಗಸನ್ನು ಹೀನಾಯ ಮಾಡುವ ಮಾತು ಯಾವುದು ಎಂದು ನಾನು ನಿಮಗೆ ಬರೆದು ಹೇಳಬೇಕಾಗಿಲ್ಲ. ಮಗಳ ಬಾಯಿಂದ ಬಂದ ಪದದಲ್ಲೇ ಅದು ಅಡಗಿತ್ತು. ಡೈರಿಯಲ್ಲಿ ಹಾಲು ಅಳೆಸುವಾಗ ಹಿಂದೆ ನಿಂತ ಗಂಡಸೊಬ್ಬ ಫೋನಿನಲ್ಲಿ ಅದನ್ನು ಹಾಕಿದನಂತೆ. ಸರಸಮ್ಮ ಕ್ಯಾನನ್ನು ಅಲ್ಲೇ ಬಿಟ್ಟು ಮನೆಗೆ ಹೋದರಂತೆ.

ಅಮೂಲ್ಯ ಹನ್ನೆರಡು ದಿನದಿಂದ ಶಾಲೆಗೆ ಬಂದಿಲ್ಲ. ಬಿಡದಿ ಹತ್ತಿರದ ಬೈರಮಂಗಲದಲ್ಲಿ ಸೋದರಮಾವ ಪುಟ್ಟಸ್ವಾಮಿಯ ಮನೆಗೆ ಕಳಿಸಿದ್ದಾರೆ.

ಆ ಒಪ್ಪಿಗೆ ಪತ್ರವನ್ನು ನನಗೆ ವಾಪಸ್ ಕಳಿಸುತ್ತೀರಾ? ಶಾಲೆಯ ಕಡತಕ್ಕೆ ಬೇಕು. ಮೂಲ ಪ್ರತಿಯೇ ಬೇಕು, ಜೆರಾಕ್ಸ್ ಆಗುವುದಿಲ್ಲ. ನಿಮ್ಮ ಹತ್ತಿರ ಬೇರೆ ಪ್ರತಿ ಇದ್ದರೆ ಅದನ್ನೂ ಕಳಿಸಿ. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹಾಕಿದರೆ ಒಳ್ಳೆಯದು. ಆದಷ್ಟು ಬೇಗ.

ಭಾನುಪ್ರಿಯ


ಚನ್ನಪಟ್ಟಣ
೫ ಅಕ್ಟೋಬರ್ ೨೦೨೩

ಮೇಡಂ,

ನೀವು ಒಪ್ಪಿಗೆ ಪತ್ರ ಕೇಳುವಷ್ಟರಲ್ಲಿ ಅದು ನನ್ನ ಕೈ ಬಿಟ್ಟು ಹೋಗಿತ್ತು. ಪುಟ್ಟಸ್ವಾಮಿ ಎಂಬುವರು ಮಾಗಡಿಯ ಶಿಕ್ಷಣ ಕಚೇರಿಗೆ ದೂರು ಕೊಟ್ಟಿದ್ದಾರೆ. ಮನೆಯವರನ್ನು ಕೇಳದೆ ಹೆಣ್ಣುಮಗಳ ವಿಡಿಯೋ ಮಾಡಿ ಊರಿಗೆಲ್ಲ ಹಂಚಿದರು ಎಂದು. ನನಗೂ ನೋಟಿಸ್ ಬಂತು. ನಾನು ಒಪ್ಪಿಗೆ ಪತ್ರದ ಮೂಲ ಪ್ರತಿಯನ್ನೇ ಕಳಿಸಿಬಿಟ್ಟೆ. 'ತಾಯಿಯೇ ಸ್ವತಃ ಸಹಿ ಮಾಡಿದ್ದಾರೆ, ಶಿಕ್ಷಕಿಯ ತಪ್ಪು ಎಳ್ಳಷ್ಟೂ ಇಲ್ಲ' ಎಂದು ಜೊತೆಗೊಂದು ಪುಟ ಬರೆದೆ. ಮೂವತ್ತನೇ ತಾರೀಕು ವಿಚಾರಣೆ. ಆ ಕಾಗದ ಮೇಜಿನ ಮೇಲೆ ಬಿದ್ದರೆ ಅಲ್ಲಿಗೆ ಮುಗಿಯಿತು. ನೀವು ನೆಮ್ಮದಿಯಾಗಿರಿ.

ಒಂದು ಮಾತು, ತಪ್ಪು ತಿಳಿಯಬೇಡಿ. ನಿಮ್ಮ ಹಿಂದಿನ ಪತ್ರದಲ್ಲಿ ಮಗುವಿಗೆ ಎರಡು ಸಾಲು, ಕಾಗದಕ್ಕೆ ಆರು ಸಾಲು ಇತ್ತು. ಮೂರು ಸಲ ಓದಿದೆ, ಯಾಕೆಂದು ಅರ್ಥವಾಗಲಿಲ್ಲ.

ಸಮೀವುಲ್ಲಾ


ಸೋಲೂರು
೧೬ ಅಕ್ಟೋಬರ್ ೨೦೨೩

ಸರ್,

ಈ ಪತ್ರವನ್ನು ಬರೆದು ಬರೆದು ಹರಿದಿದ್ದೇನೆ. ನೇರವಾಗಿ ಹೇಳಿಬಿಡುತ್ತೇನೆ. ಆ ಸಹಿ ಸರಸಮ್ಮನದಲ್ಲ. ನಾನು ಹಾಕಿದ್ದು.

ಅವರಿಗೆ ಓದು ಬರಹ ಬಾರದು, ಹೆಬ್ಬೆಟ್ಟು ಒತ್ತುತ್ತಾರೆ. ಆ ವಾರ ಎರಡು ಸಲ ಮನೆಗೆ ಹೋಗಿದ್ದೆ, ಬೀಗ ಹಾಕಿತ್ತು. ಹೊಲಕ್ಕೆ ಹೋಗಿ ಹುಡುಕಬಹುದಿತ್ತು, ಹುಡುಕಲಿಲ್ಲ. ಸ್ಟಾಫ್ ರೂಮಿನಲ್ಲಿ ಕೂತು ಎಡಗೈಯಲ್ಲಿ ಅವರ ಹೆಸರು ಬರೆದೆ. ಆಮೇಲೆ ಹೇಳಿದರಾಯಿತು, ಬೇಡ ಅನ್ನುತ್ತಾರಾ ಅಂದುಕೊಂಡೆ. ಕೈ ತೊಳೆದು ಸೆರಗಿನಲ್ಲಿ ಒರೆಸಿಕೊಂಡರು ಎಂದು ನಿಮಗೆ ಬರೆದದ್ದೆಲ್ಲ ಕಟ್ಟಿದ ಕತೆ. ಓದು ಹಬ್ಬದ ದಿನ ನನಗೆ ಜ್ವರ ಇರಲಿಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೂ ಇದೆ. ನಿಮ್ಮ ಪತ್ರ ಬಂದ ಮೇಲೆ ನನಗೆ ಊಟ ಸೇರಲಿಲ್ಲ. ಪ್ರೊಬೇಷನ್‌ನಲ್ಲಿರುವವಳು, ಸುಳ್ಳು ಸಹಿ ಎಂದು ಗೊತ್ತಾದರೆ ಮನೆಗೆ ಕಳಿಸುತ್ತಾರೆ. ದಸರಾ ರಜೆ ಇತ್ತು, ಸರಸಮ್ಮ ಮಗಳನ್ನು ನೋಡಲು ಬೈರಮಂಗಲಕ್ಕೆ ಹೋಗಿದ್ದಾರೆಂದು ತಿಳಿಯಿತು. ಶನಿವಾರ ನಾನೂ ಹೋದೆ. ಕ್ಷಮೆ ಕೇಳಲು ಎಂದು ನನಗೆ ನಾನೇ ಹೇಳಿಕೊಂಡೆ. ಬ್ಯಾಗಿನಲ್ಲಿ ಒಂದು ಕಾಗದ ಮತ್ತು ಇಂಕ್ ಪ್ಯಾಡ್ ಇತ್ತು. 'ಆಗಸ್ಟ್ ತಿಂಗಳಲ್ಲೇ ಬಾಯಿಮಾತಿನಲ್ಲಿ ಒಪ್ಪಿಗೆ ಕೊಟ್ಟಿದ್ದೆ, ನನ್ನ ಪರವಾಗಿ ಶಿಕ್ಷಕಿಯೇ ಹೆಸರು ಬರೆದುಕೊಳ್ಳಲಿ ಎಂದಿದ್ದೆ' ಎಂದು ಸರಸಮ್ಮನೇ ಹೇಳುವ ಹಾಗೆ ನಾನು ಬರೆದ ಕಾಗದ.

ಪುಟ್ಟಸ್ವಾಮಿ ಬಾಗಿಲಲ್ಲೇ ತಡೆದರು. "ಏನ್ ಮೇಡಂ, ಇನ್ನೊಂದ್ ವಿಡಿಯೋ ತಗಿಯಕ್ ಬಂದ್ರಾ?"

"ಬುಡಣ್ಣ, ಬಿಸ್ಲಲ್ ನಿಂತವ್ರೆ, ಒಳಿಕ್ ಬರ್ಲಿ," ಅಂದರು ಸರಸಮ್ಮ.

ಅಮೂಲ್ಯ ನೀರು ತಂದಿಟ್ಟು ನನ್ನ ಮುಖ ನೋಡದೆ ಒಳಗೆ ಹೋದಳು. ಇವಳು ಈಗ ಬಸ್ಸಿನ ಬೋರ್ಡನ್ನೂ ಓದುವುದಿಲ್ಲ, ಓದು ಅಂದರೆ ತಲೆ ತಗ್ಗಿಸಿ ಕೂರುತ್ತಾಳೆ ಎಂದು ಅವಳ ಮಾವ ಹೇಳಿದರು. ಅದನ್ನು ಕೇಳಿದ ಮೇಲೂ ನಾನು ಬ್ಯಾಗಿಗೆ ಕೈ ಹಾಕಿದೆ, ಸರ್. ಒಂದು ಸಣ್ಣ ಕಾಗದ, ಹೆಬ್ಬೆಟ್ಟು ಒತ್ತಿದರೆ ಕಚೇರಿಯ ತಂಟೆ ಎಲ್ಲ ಮುಗಿಯುತ್ತದೆ ಅಂದೆ.

"ಏನ್ ಬರ್ದೈತೆ ಅದ್ರಲ್ಲಿ?"

ಏನೋ ಗೊಣಗಿದೆ. ಸರಸಮ್ಮ ನನ್ನನ್ನೇ ಒಂದು ಗಳಿಗೆ ನೋಡಿ, ಒಳಗೆ ತಿರುಗಿ ಕೂಗಿದರು. "ಅಮೂಲ್ಯ, ಬಾ ಮಗ ಇಲ್ಲಿ. ಇದ್ನ ಒಸಿ ಓದ್ ಹೇಳು."

"ನಾ ಓದಕಿಲ್ಲ."

"ನಂಗೋಸ್ಕರ ಓದವ್ವ. ನಂಗ್ ಬರಕಿಲ್ವಲ್ಲ."

ಅವಳು ನೆಲದ ಮೇಲೆ ಕೂತು, ಪದದ ಕೆಳಗೆ ಬೆರಳಿಟ್ಟು ಓದಿದಳು. ಒಂದೊಂದೇ ಅಕ್ಷರ. 'ಬಾಯಿಮಾತಿನಲ್ಲಿ' ಎಂಬಲ್ಲಿ ನಿಂತಳು. ನಾನು ಯಾವಾಗಲೂ ಕಾಯುತ್ತಿದ್ದ ಹಾಗೆ ಕಾದೆ. ಈ ಸಲ ಅವಳಿಗೆ ಓದಲು ಬರದಿರಲಿ ಎಂದು ಕಾದೆ. ಅವಳು ಪದವನ್ನು ಎರಡಾಗಿ ಒಡೆದುಕೊಂಡು ಓದಿದಳು. ಕೊನೆಯವರೆಗೂ ಓದಿದಳು. ಒಂದು ತಪ್ಪೂ ಇರಲಿಲ್ಲ.

"ಅವ್ವ, ನೀನು ಆಗ್ಲೇ ಒಪ್ಕಂಡಿದ್ದೆ ಅಂತ ಐತೆ. ಮಿಸ್ಸೇ ನಿನ್ ಹೆಸ್ರು ಬರ್ಕಳ್ಳಿ ಅಂದಿದ್ದೆ ಅಂತ ಐತೆ."

ಸರಸಮ್ಮ ನನ್ನ ಕಡೆ ತಿರುಗಿದರು. "ಅಂದಿದ್ನಾ ನಾನು?" ಸಿಟ್ಟಿನಿಂದ ಕೇಳಲಿಲ್ಲ. ತಾನೇ ಎಲ್ಲೋ ಮರೆತಿದ್ದೇನೋ ಎನ್ನುವ ಹಾಗೆ ಕೇಳಿದರು.

ಇಲ್ಲ ಅಂದೆ. ಎಲ್ಲವನ್ನೂ ಹೇಳಿದೆ. ಪುಟ್ಟಸ್ವಾಮಿ ಎದ್ದು ಕೂಗಾಡಿದರು. ಸರಸಮ್ಮ ಇಷ್ಟೇ ಅಂದರು: "ಕೇಳಿದ್ರೆ ಬ್ಯಾಡ ಅಂತಿದ್ನೋ ಏನೋ. ನೀವು ಕೇಳ್ಲೇ ಇಲ್ವಲ್ಲವ್ವ."

ನನ್ನ ಪರವಾಗಿ ನೀವು ಬರೆದ ಪುಟವನ್ನು ದಯವಿಟ್ಟು ವಾಪಸ್ ಪಡೆಯಿರಿ.

ಭಾನುಪ್ರಿಯ


ಚನ್ನಪಟ್ಟಣ
೨೧ ಅಕ್ಟೋಬರ್ ೨೦೨೩

ಮೇಡಂ,

ಓದಿದ ದಿನ ನಿಮ್ಮ ಮೇಲೆ ವಿಪರೀತ ಸಿಟ್ಟು ಬಂತು. ಬೈದು ಎರಡು ಪುಟ ಬರೆದೆ. ಅಂಚೆಗೆ ಹಾಕಲು ಹೊರಟವನು ದಾರಿಯಲ್ಲಿ ನಿಂತುಬಿಟ್ಟೆ.

ಪಾಸ್‌ವರ್ಡ್ ಯಾರೂ ಕದಿಯಲಿಲ್ಲ. ಓದು ಹಬ್ಬದ ದಿನ ಸಭಾಂಗಣದಲ್ಲಿ ನೆಟ್ ನಿಧಾನವಿತ್ತು. ಪಾಸ್‌ವರ್ಡ್ ಹಾಕಿದರೂ ಶಿಕ್ಷಕರ ಫೋನಿನಲ್ಲಿ ಕೋಣೆ ತೆರೆಯಲಿಲ್ಲ, ಹಿಂದಿನ ಸಾಲಿನಲ್ಲಿ ಗೊಣಗಾಟ ಶುರುವಾಯಿತು. ನನಗೆ ಅವಮಾನವಾದಂತಾಗಿ ಪಾಸ್‌ವರ್ಡಿನ ಬೀಗವನ್ನೇ ತೆಗೆದೆ. ಒಂದು ಗಂಟೆ ಮಾತ್ರ ಅಂದುಕೊಂಡಿದ್ದೆ. ಹೊಗಳಿಕೆ ಕೇಳುತ್ತಾ ಮರೆತೆ. ನಿಮ್ಮ ಸ್ಪೀಡ್ ಪೋಸ್ಟ್ ಬರುವವರೆಗೂ ಅದು ಊರ ಬಾಗಿಲಿನ ಹಾಗೆ ತೆರೆದೇ ಇತ್ತು. ಹನ್ನೊಂದು ಸಾವಿರ ಎಂದು ನಿಮಗೆ ಬರೆಯುವಾಗಲೇ ಒಳಗೆ ಅನುಮಾನ ಇತ್ತು. ಆದರೂ ಯಾವನೋ ಶಿಕ್ಷಕನ ಮೇಲೆ ಹಾಕಿದೆ.

ವಿಚಾರಣೆಗೆ ನಾನೂ ಬರುತ್ತೇನೆ. ಇದನ್ನು ಬರವಣಿಗೆಯಲ್ಲಿ ಕೊಡುತ್ತೇನೆ. ನಿಮಗಾಗಿ ಬರೆದ ಪುಟವನ್ನು ವಾಪಸ್ ಕೇಳಿದ್ದೇನೆ.

ಸಮೀವುಲ್ಲಾ


ಸೋಲೂರು
೩ ನವೆಂಬರ್ ೨೦೨೩

ಸರ್,

ಮಾಗಡಿಯಲ್ಲಿ ನಿಮ್ಮ ಹೇಳಿಕೆ ಮುಗಿದ ಮೇಲೆ ನಿಮ್ಮನ್ನು ಹೊರಗೆ ಕೂರಿಸಿದರು. ಆಮೇಲೆ ಒಳಗೆ ನಡೆದದ್ದನ್ನು ನಿಮಗೆ ಹೇಳಬೇಕು.

ಅಧಿಕಾರಿ ಒಪ್ಪಿಗೆ ಪತ್ರವನ್ನು ಸರಸಮ್ಮನ ಮುಂದೆ ಇಟ್ಟು, "ಇದು ನೀವು ಹಾಕಿದ್ದೇನಮ್ಮ?" ಎಂದು ಕೇಳಿದರು. ಅವರು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬೆಳಕಿಗೆ ಹಿಡಿದರು. "ಇದಾ ನನ್ನೆಸ್ರು?" ಅಂದರು. ಹೌದು ಅಂದರು ಅಧಿಕಾರಿ. "ಇಷ್ಟುದ್ದ ಐತಾ?" ಎನ್ನುತ್ತಾ ತುಂಬಾ ಹೊತ್ತು ನೋಡಿದರು. ಆಮೇಲೆ ಮೇಜಿನ ಮೇಲಿಟ್ಟು, "ನಾ ಹಾಕಿದ್ದಲ್ಲ ಸ್ವಾಮಿ. ಈ ಮೇಡಮ್ಮೇ ಹಾಕಿದ್ದು, ಮನೆಗಂಟ ಬಂದು ಹೇಳವ್ರೆ," ಅಂದರು. ನನ್ನನ್ನು ಉಳಿಸಲಿಲ್ಲ, ಇದ್ದದ್ದಕ್ಕಿಂತ ಹೆಚ್ಚಾಗಿ ಏನೂ ಸೇರಿಸಲೂ ಇಲ್ಲ.

ಕೆಲಸ ಹೋಗುವುದಿಲ್ಲವಂತೆ. ಪ್ರೊಬೇಷನ್ ಒಂದು ವರ್ಷ ಮುಂದಕ್ಕೆ ಹೋಯಿತು. ಸೇವಾ ಪುಸ್ತಕದಲ್ಲಿ ಛೀಮಾರಿ ಬರೆದರು, ಗ್ರಂಥಾಲಯದ ಬೀಗದ ಕೈ ತೆಗೆದುಕೊಂಡರು. ಕೆಲಸದ ಭಯ ಹೋದರೆ ನಿದ್ದೆ ಬರುತ್ತದೆ ಅಂದುಕೊಂಡಿದ್ದೆ. ಬರುತ್ತಿಲ್ಲ.

ನಿನ್ನೆ ಸರಸಮ್ಮ ಶಾಲೆಗೆ ಬಂದು ಅಮೂಲ್ಯಳ ಟಿ.ಸಿ. ಪಡೆದುಕೊಂಡು ಹೋದರು. ಬೈರಮಂಗಲದ ಶಾಲೆಗೆ ಸೇರಿಸುತ್ತಾರಂತೆ. ಅವಳು ಅಲ್ಲಿ ಪುಸ್ತಕ ಮುಟ್ಟುತ್ತಾಳೋ ಇಲ್ಲವೋ ಎನ್ನುವುದೇ ತಲೆಯಲ್ಲಿ ಕೊರೆಯುತ್ತಿದೆ. ನಾನು ಹೋಗಿ ನೋಡುವ ಹಾಗಿಲ್ಲ. ಕೇಳುವ ಮುಖವೂ ಇಲ್ಲ.

ಭಾನುಪ್ರಿಯ


ಚನ್ನಪಟ್ಟಣ
೧೦ ಡಿಸೆಂಬರ್ ೨೦೨೩

ಭಾನುಪ್ರಿಯ ಅವರೇ,

ಒಂದು ತಿಂಗಳು ಬರೆಯಲಿಲ್ಲ. ಹೇಳುವಂಥದ್ದು ಏನಾದರೂ ಇರಲಿ ಎಂದು ಕಾದೆ. ಓದುಮನೆಯಲ್ಲಿದ್ದ ಮಕ್ಕಳ ವಿಡಿಯೋಗಳು ಮೂವತ್ತೆರಡು. ಅಷ್ಟನ್ನೂ ಅಳಿಸಿದೆ. ಪಾಠಯೋಜನೆ, ಪುಸ್ತಕಪಟ್ಟಿ ಮಾತ್ರ ಉಳಿದಿವೆ. ದಿನಕ್ಕೆ ಏಳೆಂಟು ಜನ ನೋಡುತ್ತಾರೆ.

ನಿನ್ನೆ ಬೈರಮಂಗಲಕ್ಕೆ ಹೋಗಿದ್ದೆ. ಮೊದಲು ಸರಸಮ್ಮನವರನ್ನೂ ಪುಟ್ಟಸ್ವಾಮಿಯವರನ್ನೂ ಕೇಳಿದೆ, ಆಮೇಲೆ ಅಲ್ಲಿನ ಹೆಡ್‌ಮಾಸ್ಟರನ್ನು. ನಲವತ್ತು ಪುಸ್ತಕಗಳ ಒಂದು ಪೆಟ್ಟಿಗೆ ಕೊಟ್ಟು, ಆರನೇ ತರಗತಿಯಲ್ಲಿ ಒಂದು ಪೀರಿಯಡ್ ಕೂತೆ. ಅಮೂಲ್ಯಳಿಗೆ ನಾನು ಯಾರೆಂದು ಗೊತ್ತಿತ್ತು. ಕೊನೆಯ ಬೆಂಚಿನಲ್ಲಿ ಕೈ ಕಟ್ಟಿ ಕೂತಿದ್ದಳು. ಎಲ್ಲರೂ ಒಂದೊಂದು ಪುಸ್ತಕ ಎತ್ತಿಕೊಂಡ ಮೇಲೆ ಅವಳೂ ಬಂದು ಒಂದು ತೆಗೆದುಕೊಂಡಳು. ತೆರೆಯಲಿಲ್ಲ. ಸುಮಾರು ಹೊತ್ತಾದ ಮೇಲೆ ಹತ್ತಿರ ಬಂದು, "ಸಾ, ನಿಮ್ ಫೋನ್ ಎಲ್ಲೈತೆ?" ಅಂದಳು. ಜೇಬಿನಿಂದ ತೆಗೆದು ತೋರಿಸಿದೆ. "ಆಚೆ ಇಟ್ ಬನ್ನಿ." ಕಾರಿಡಾರಿನ ಕಿಟಕಿಯಲ್ಲಿ ಇಟ್ಟು ಬಂದೆ. ಅವಳೇ ಹೋಗಿ ನೋಡಿ ಬಂದಳು.

ಆಮೇಲೆ ಓದಿದಳು. ಗಟ್ಟಿಯಾಗಿ ಅಲ್ಲ, ನನಗೆ ಮಾತ್ರ ಕೇಳುವಷ್ಟು. ಒಂದು ಕಡೆ ತಪ್ಪಿದಳು, ತಟ್ಟನೆ ಸುತ್ತಲೂ ನೋಡಿದಳು. ಯಾರೂ ಇವಳ ಕಡೆ ನೋಡುತ್ತಿರಲಿಲ್ಲ. ನಾನು ಕಾದೆ. ತಿದ್ದಿಕೊಂಡು ಮುಂದೆ ಹೋದಳು. ಮೂರು ಪುಟ ಆಗುವ ಹೊತ್ತಿಗೆ ಗಂಟೆ ಹೊಡೆಯಿತು, ಪುಸ್ತಕವನ್ನು ಅಲ್ಲೇ ಮಡಚಿಟ್ಟು ಓಡಿದಳು.

ನಗಲಿಲ್ಲ. ನಿಮ್ಮ ವಿಡಿಯೋದಲ್ಲಿ ನಕ್ಕ ಹಾಗೆ ಒಂದು ಸಲವೂ ನಗಲಿಲ್ಲ.

ಇಷ್ಟು ಓದಿದ ಮೇಲೆ, ಅವಳು ನಿಮ್ಮ ಬಗ್ಗೆ ಕೇಳಿದಳಾ ಎಂದು ನೀವು ಈ ಪತ್ರದಲ್ಲಿ ಹುಡುಕುತ್ತಿರುತ್ತೀರಿ. ಕೇಳಿದಳು ಎಂದು ಬರೆಯಲು ಪೆನ್ನು ಎತ್ತಿದ್ದೆ. ನಿಮಗೆ ಒಂದು ದಿನವಾದರೂ ನಿದ್ದೆ ಬರುತ್ತಿತ್ತು. ಆದರೆ ಕೇಳಲಿಲ್ಲ, ಭಾನುಪ್ರಿಯ ಅವರೇ. ನಾನು ನಿಮ್ಮ ಹೆಸರು ಹೇಳಲೂ ಇಲ್ಲ.

ನಿಮ್ಮ,
ಸಮೀವುಲ್ಲಾ